ಸೆರೆಮನೆಯಿಂದ ಹೋದ ರಸೀದಿ: ಫಿಲಿಪ್ಪಿಯವರ ಪತ್ರಿಕೆ, ಒಂದು ಪ್ರಕರಣ ಅಧ್ಯಯನ

ಕಷ್ಟದಲ್ಲಿರುವ ವಿಶ್ವಾಸಿಯ ಕಿವಿಗೆ ಮತ್ತೆ ಮತ್ತೆ ಬೀಳುವ ವಾಕ್ಯ ಒಂದಿದೆ: ಕರ್ತನಲ್ಲಿ ಯಾವಾಗಲೂ ಸಂತೋಷಿಸಿರಿ. ಆಸ್ಪತ್ರೆಯ ಮಂಚದ ಪಕ್ಕ ನಿಂತವರು ಹೇಳುತ್ತಾರೆ, ಕೆಲಸ ಹೋದ ಮನೆಗೆ ಬಂದವರು ಹೇಳುತ್ತಾರೆ, ಮಣ್ಣು ಮಾಡಿ ಬಂದ ಸಂಜೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ವಾಕ್ಯ ಸುಳ್ಳಲ್ಲ. ಆದರೆ ಅದನ್ನು ಬರೆದವನು ಎಲ್ಲಿ ಕೂತಿದ್ದ, ಅಲ್ಲಿಗೆ ಬರುವ ಮೊದಲು ಮೂರು ಅಧ್ಯಾಯ ಏನೇನು ಬರೆದಿದ್ದ ಎಂಬುದನ್ನು ಬಿಟ್ಟು ಅದೊಂದನ್ನೇ ಕಿತ್ತು ಕೈಗಿಟ್ಟರೆ, ನೊಂದವರಿಗೆ ಅದು ಇನ್ನೊಂದು ಹೊರೆಯಾಗುತ್ತದೆ. ಅದಕ್ಕಾಗಿ ಆ ವಾಕ್ಯವಿರುವ, ಅಪೊಸ್ತಲ ಪೌಲನು ಫಿಲಿಪ್ಪಿಯ ವಿಶ್ವಾಸಿಗಳ ಸಭೆಗೆ ಬರೆದ ಈ ಪತ್ರಿಕೆಯನ್ನು, ಅಂದರೆ ಪತ್ರವನ್ನು, ಇಲ್ಲಿ ಒಂದು ಪ್ರಕರಣವಾಗಿ ಬಿಡಿಸಿ ನೋಡಿದ್ದೇವೆ. ಒಬ್ಬ ಕೈದಿ, ಅವನಿಗೆ ಬಂದ ಒಂದಿಷ್ಟು ನೆರವು, ಆ ನೆರವನ್ನು ಹೊತ್ತು ತಂದು ಸಾವಿನ ಬಾಗಿಲಿಗೆ ಹೋಗಿಬಂದ ಒಬ್ಬ ಸಹೋದರ, ದೂರದಲ್ಲೊಂದು ಬಡ ಸಭೆ. ವಿಷಯ ಇಷ್ಟೇ.

ಪರಿಸ್ಥಿತಿ

ಫಿಲಿಪ್ಪಿ ಮಕೆದೋನ್ಯದ, ಅಂದರೆ ಇಂದಿನ ಗ್ರೀಸಿನ ಉತ್ತರ ಭಾಗದ, ಊರು. ಕ್ರಿಸ್ತಪೂರ್ವ 356ರಲ್ಲಿ ಎರಡನೆಯ ಫಿಲಿಪ್ ರಾಜ ಅದಕ್ಕೆ ತನ್ನ ಹೆಸರಿಟ್ಟ. ಕ್ರಿಸ್ತಪೂರ್ವ 42ರ ಯುದ್ಧದ ನಂತರ ನಿವೃತ್ತ ರೋಮನ್ ಸೈನಿಕರನ್ನು ಅಲ್ಲಿ ನೆಲೆಗೊಳಿಸಿ ಅದನ್ನು ರೋಮಿನ ವಸಾಹತು ಮಾಡಿದರು. ಕ್ರಿಸ್ತಶಕ 50ರ ಆಸುಪಾಸಿನಲ್ಲಿ ಪೌಲನು ಅಲ್ಲಿಗೆ ಬಂದದ್ದು, ಊರ ಹೊರಗೆ ಹೊಳೆಯ ದಂಡೆಯಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರ ನಡುವೆ ಕೂತು ಮಾತಾಡಿದ್ದು, ಥುವತೈರದ ಲುದ್ಯಳು ಮನೆಬಾಗಿಲು ತೆರೆದದ್ದು, ಎಲ್ಲವೂ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಅದೇ ಅಧ್ಯಾಯದಲ್ಲಿ ಪೌಲನಿಗೂ ಅವನ ಜೊತೆಗಾರ ಸೀಲನಿಗೂ ವಿಚಾರಣೆಯೇ ಇಲ್ಲದೆ ಛಡಿಯೇಟು ಬಿತ್ತು. ಕಾಲಿಗೆ ಕೋಳ ಹಾಕಿ ಒಳಸೆರೆಗೆ ತಳ್ಳಿದರು. ನಡುರಾತ್ರಿ ಅವರು ಹಾಡಿದ್ದನ್ನು ಉಳಿದ ಕೈದಿಗಳು ಕೇಳಿಸಿಕೊಂಡರು. ಆ ಏಟಿನ ಗಾಯಗಳನ್ನು ತೊಳೆದ ಸೆರೆಯ ಯಜಮಾನನೂ ಮುಂದೆ ಅದೇ ಸಭೆಯ ವಿಶ್ವಾಸಿಯಾದ. ಹೀಗಾಗಿ, ಸಂತೋಷಿಸಿರಿ ಎಂಬ ಮಾತು ಈ ಸಭೆಗೆ ಬಂದದ್ದು ತಾವು ಕಣ್ಣಾರೆ ಕಂಡವನಿಂದ. ಅಪರಿಚಿತನ ಉಪದೇಶವಾಗಿ ಅದು ಬಂದಿರಲಿಲ್ಲ.

ಹತ್ತು ವರ್ಷ ಕಳೆದು ಪತ್ರ ಬರೆಯುವ ಹೊತ್ತಿಗೆ ಪೌಲನು ಮತ್ತೆ ಬೇಡಿಯಲ್ಲಿದ್ದ. ಸಂಪ್ರದಾಯದ ಪ್ರಕಾರ ಅದು ರೋಮ್, ಸುಮಾರು ಕ್ರಿಸ್ತಶಕ 60ರಿಂದ 62. ಎಫೆಸ ಅಥವಾ ಕೈಸರೈಯ ಎನ್ನುವ ವಿದ್ವಾಂಸರೂ ಇದ್ದಾರೆ. ಪತ್ರಿಕೆಯಲ್ಲಿ ಕೈಸರನ, ಅಂದರೆ ರೋಮನ್ ಚಕ್ರವರ್ತಿಯ, ಮನೆಯವರ ವಂದನೆ ಇರುವುದರಿಂದ ರೋಮ್ ಎಂದೇ ಹಿಡಿದು ಮುಂದೆ ಹೋಗುತ್ತೇವೆ.

ಇಲ್ಲಿ ಒಂದು ವಿಷಯ ತಿಳಿಯದಿದ್ದರೆ ಉಳಿದದ್ದೆಲ್ಲ ಹಗುರಾಗಿ ಕಾಣುತ್ತದೆ. ರೋಮನ್ನರ ಕಾಲದಲ್ಲಿ ಸೆರೆ ಎಂದರೆ ಬಹುಮಟ್ಟಿಗೆ ತೀರ್ಪು ಬರುವ ತನಕ ಹಿಡಿದಿಡುವ ಜಾಗ. ಕೈದಿಗೆ ಅನ್ನ, ಬಟ್ಟೆ, ಹಾಸಿಗೆ ಒದಗಿಸುವುದು ಹೆಚ್ಚಾಗಿ ಅವನ ಕಡೆಯವರ ಪಾಲಿನ ಕೆಲಸ. ಯಾರೂ ಇಲ್ಲದವನು ಹಸಿದುಕೊಂಡೇ ಇರಬೇಕಾಗುತ್ತಿತ್ತು. ಫಿಲಿಪ್ಪಿಯಿಂದ ಬಂದ ನೆರವನ್ನು ಗೌರವದ ಕಾಣಿಕೆ ಎಂದುಕೊಂಡರೆ ತಪ್ಪಾಗುತ್ತದೆ. ಅದು ಅವನ ಹೊಟ್ಟೆಪಾಡು. ಕಳುಹಿಸಿದವರೂ ಉಳ್ಳವರಲ್ಲ. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿ ಇದ್ದುಕೊಂಡೇ ಶಕ್ತಿ ಮೀರಿ ಕೊಟ್ಟವು ಎಂದು 2 ಕೊರಿಂಥ 8ರಲ್ಲಿ (ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರಿಕೆ, 8ನೆಯ ಅಧ್ಯಾಯ) ಪೌಲನೇ ಬರೆದಿದ್ದಾನೆ.

ಪತ್ರ ಬರೆದ ದಿನ ಅವನ ಮುಂದಿದ್ದ ಕಷ್ಟಗಳು ಒಂದೆರಡಲ್ಲ. ತೀರ್ಪು ಬಂದಿರಲಿಲ್ಲ, ಬಂದರೆ ಮರಣವೂ ಆಗಬಹುದಿತ್ತು (1:20, ಅಂದರೆ ಈ ಪತ್ರಿಕೆಯ 1ನೆಯ ಅಧ್ಯಾಯ, 20ನೆಯ ವಚನ). ತಾನು ಬೇಡಿಯಲ್ಲಿದ್ದಾಗಲೇ ಸಮಯ ನೋಡಿ ಹೊಟ್ಟೆಕಿಚ್ಚಿನಿಂದ ಸಾರುವ ಸಹಬೋಧಕರಿದ್ದರು (1:15–17). ಫಿಲಿಪ್ಪಿಯಿಂದ ಬರುತ್ತಿದ್ದ ನೆರವು ಒಂದಷ್ಟು ಕಾಲ ನಿಂತುಹೋಗಿತ್ತು (4:10). ನೆರವು ತಂದ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದ (2:27). ಜೊತೆಗೆ, ಸುವಾರ್ತೆಗಾಗಿ ತನ್ನೊಂದಿಗೆ ದುಡಿದ ಇಬ್ಬರು ಹೆಂಗಸರು, ಯುವೊದ್ಯ ಮತ್ತು ಸುಂತುಕೆ, ಮನಸ್ಸು ಮುರಿದುಕೊಂಡಿದ್ದರು (4:2). ಇವುಗಳಲ್ಲಿ ಒಂದನ್ನೂ ಅವನು ಮುಚ್ಚಿಡಲಿಲ್ಲ. ಕೆಲವರ ವಿಷಯವನ್ನು ಅಳುತ್ತಲೇ ಹೇಳುತ್ತೇನೆ ಎಂದೂ ಬರೆದ (3:18).

ಎಣಿಸಿದರೆ ಸಿಗುವುದು

ಪತ್ರಿಕೆ ಚಿಕ್ಕದು: 4 ಅಧ್ಯಾಯ, 104 ವಚನ. ಗ್ರೀಕ್ ಮೂಲದಲ್ಲಿ ಸಂತೋಷ, ಸಂತೋಷಿಸು, ಜೊತೆಗೂಡಿ ಸಂತೋಷಿಸು ಎಂಬ ಮೂರು ರೂಪಗಳನ್ನು ಸೇರಿಸಿದರೆ 16 ಸಲ. ಕೃತಜ್ಞತೆಗೆ ಬಳಕೆಯಲ್ಲಿದ್ದ ನೇರವಾದ ಪದ ಬರುವುದು ಎರಡೇ ಸಲ, 1:3ರಲ್ಲಿ ಒಮ್ಮೆ, 4:6ರಲ್ಲಿ ಒಮ್ಮೆ. ನೆರವು ಮುಟ್ಟಿತು ಎಂದು ತಿಳಿಸುವ ಭಾಗದಲ್ಲಿ, ಅಂದರೆ 4:10ರಿಂದ 20ರವರೆಗೆ, ಆ ಪದ ಒಮ್ಮೆಯೂ ಇಲ್ಲ! ಇದೇನು, ಉಪಕಾರ ಪಡೆದವನು ಉಪಕಾರ ಎನ್ನದೆ ಹೋದನೇ ಎಂದು ವ್ಯಾಖ್ಯಾನಕಾರರು ಬಹಳ ಚರ್ಚಿಸಿದ್ದಾರೆ. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇರುವುದೇ ಅಲ್ಲಿ. ಆ ಹನ್ನೊಂದು ವಚನಗಳಲ್ಲಿ ಅವನು ಬರೆದದ್ದು ಒಂದು ಲೆಕ್ಕ.

ಹತ್ತಿರದಿಂದ ನೋಡೋಣ. 4:10ರಲ್ಲಿ, ನನ್ನ ವಿಷಯವಾದ ನಿಮ್ಮ ಯೋಚನೆ ಈಗ ಕೊನೆಗೂ ಚಿಗುರಿತು ಎಂಬ ಅರ್ಥದ ಮಾತಿದೆ. ಅಲ್ಲಿರುವ ಕ್ರಿಯಾಪದ ಗಿಡ ಒಣಗಿ ಮತ್ತೆ ಚಿಗುರುವುದಕ್ಕೆ ಹೇಳುವಂಥದ್ದು. ಚಿಗುರಿತು ಎಂದರೆ ಅದಕ್ಕೆ ಮೊದಲು ಒಣಗಿತ್ತು ಎಂದಾಯಿತಲ್ಲ. ನೆರವು ಬಾರದ ದಿನಗಳನ್ನು ಅವನು ಇಲ್ಲವೆಂದು ನಟಿಸುವುದಿಲ್ಲ. ಆದರೆ ಮರುಮಾತಿನಲ್ಲೇ, ನಿಮಗೆ ಯೋಚನೆ ಇತ್ತು, ಅನುಕೂಲ ಇರಲಿಲ್ಲ ಎಂದು ಅವರ ಮಾನ ಕಾಯುತ್ತಾನೆ. 4:15ರಲ್ಲಿ ಕೊಡುವ ಕೊಳ್ಳುವ ವಿಷಯದಲ್ಲಿ ನಿಮ್ಮ ಹೊರತು ಬೇರೆ ಯಾವ ಸಭೆಯೂ ನನ್ನೊಂದಿಗೆ ಪಾಲುಗೊಳ್ಳಲಿಲ್ಲ ಎನ್ನುತ್ತಾನೆ. ಕೊಡುವ ಕೊಳ್ಳುವ ಎಂಬುದು ಅಂದಿನ ಲೆಕ್ಕದವರ ಮಾತು. 4:16ರಲ್ಲಿ ಥೆಸಲೊನೀಕದಲ್ಲಿದ್ದಾಗಲೇ ಒಂದೆರಡು ಸಲ ಕಳುಹಿಸಿದಿರಿ ಎಂದು ಊರಿನ ಹೆಸರು ಹಿಡಿದು, ಎಷ್ಟು ಸಲ ಎಂಬುದನ್ನೂ ಸೇರಿಸಿ ನೆನೆಯುತ್ತಾನೆ. 4:18ರ ಮೊದಲ ಪದ ಅಪೆಖೋ. ವ್ಯಾಪಾರದ ಚೀಟಿಗಳಲ್ಲಿ ಪೂರ್ತಿ ಸಂದಾಯವಾಗಿದೆ ಎಂದು ಬರೆದುಕೊಡಲು ಬಳಸುತ್ತಿದ್ದ ಪದ ಅದು, ನಾವು ರಸೀದಿಯ ಮೇಲೆ 'ಮುಟ್ಟಿತು' ಎಂದು ಬರೆದು ರುಜು ಹಾಕುವಂತೆ. ಆಮೇಲೆ ತಂದವನ ಹೆಸರು: ಎಪಫ್ರೊದೀತನ ಕೈಯಿಂದ. ಅದರ ಬೆನ್ನಿಗೆ, ಬಂದದ್ದು ದೇವರ ಮುಂದೆ ಏನಾಯಿತು ಎಂಬುದು: ಸುಗಂಧವಾಸನೆ, ಇಷ್ಟವಾದ ಯಜ್ಞ.

ಯಾರಿಂದ, ಯಾರ ಕೈಯಿಂದ, ಎಲ್ಲಿ, ಎಷ್ಟು ಸಲ, ದೇವರ ಮುಂದೆ ಅದರ ಬೆಲೆ ಏನು. ಈ ಐದೂ ಇದ್ದದ್ದರಿಂದಲೇ ಅವನ ಕೃತಜ್ಞತೆ ಬಾಯಿಮಾತಾಗಲಿಲ್ಲ. ಮನಸ್ಸು ಕುಗ್ಗಿದವನಿಗೆ ಹೃದಯ ತುಂಬಿ ಬರುವವರೆಗೆ ಕಾಯಲು ಹೇಳಿದರೆ ಅವನು ಕಾಯುತ್ತಲೇ ಇರುತ್ತಾನೆ. ಬಂದದ್ದನ್ನು ಬಂದಿದೆ ಎಂದು ಬರೆಯುವುದು ಬೇಡಿ ತೊಟ್ಟ ಕೈಗೂ ಆಗುತ್ತದೆ.

ಎಪಫ್ರೊದೀತನ ಕಾಯಿಲೆ

ಈ ಭಾಗವನ್ನು (2:25–30) ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸಬಾರದು. ಫಿಲಿಪ್ಪಿಯಿಂದ ರೋಮಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಸಮುದ್ರ ದಾಟಬೇಕು, ನಡೆದು ಹೋಗುವವನಿಗೆ ಒಂದು ತಿಂಗಳಿಗೂ ಮೇಲೆ ಹಿಡಿಯುವ ದಾರಿ. ಎಪಫ್ರೊದೀತ ಕಾಯಿಲೆ ಬಿದ್ದ ಸುದ್ದಿ ಊರಿಗೆ ಮುಟ್ಟಿತ್ತು. ಊರವರಿಗೆ ಅದು ಗೊತ್ತಾಯಿತು ಎಂದು ಇವನಿಗೂ ತಿಳಿದು, ಅವರು ಎಷ್ಟು ಹೆದರಿದರೋ ಎಂದು ಇವನು ಕಳವಳಪಡುತ್ತಿದ್ದ. ಅಷ್ಟು ಸುದ್ದಿ ಓಡಾಡಬೇಕಾದರೆ ತಿಂಗಳುಗಳೇ ಕಳೆದಿರಬೇಕು.

ಆ ಅವಧಿಯಲ್ಲಿ ಪೌಲನು ಹೇಗಿದ್ದ? ದೇವರು ಅವನನ್ನು ಕರುಣಿಸಿದನು, ಅವನನ್ನು ಮಾತ್ರವಲ್ಲದೆ ನನ್ನನ್ನೂ ಕರುಣಿಸಿದನು, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುತ್ತಾನೆ. ದುಃಖದ ಮೇಲೆ ದುಃಖ ಎಂದರೆ, ಮೇಲಿನದು ತಪ್ಪಿದರೂ ಕೆಳಗಿನದು ಇನ್ನೂ ಇದೆ ಎಂದರ್ಥ. ಯಾವಾಗಲೂ ಸಂತೋಷಿಸಿರಿ ಎಂದು ಬರೆದ ಅದೇ ಕೈ ಬರೆದ ಮಾತಿದು. ಸ್ನೇಹಿತ ಸತ್ತಿದ್ದರೆ ಇನ್ನೂ ಅಳುತ್ತಿದ್ದೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಿಲ್ಲ, ಅದು ನಂಬಿಕೆಯ ಕೊರತೆ ಎಂಬ ಅಂಜಿಕೆಯೂ ಇಲ್ಲ. ಅಳುವುದನ್ನು ತಡೆದು ಸ್ತೋತ್ರ ಹೇಳಿಸುವವರು ಈ ವಚನವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಗುಣವಾದ ಮೇಲೆ ಪೌಲನು ಅವನನ್ನು ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡಿದ್ದರೆ ಸೆರೆಯಲ್ಲಿ ಒಂದು ಕೈ ಆಸರೆ ಇರುತ್ತಿತ್ತು. ಊರಿಗೆ ವಾಪಸು ಕಳುಹಿಸಿದ, ಜೊತೆಗೆ ಇವನು ಪ್ರಾಣವನ್ನೇ ಪಣಕ್ಕೊಡ್ಡಿದವನು, ಇಂಥವರಿಗೆ ಮಾನ ಕೊಡಿ ಎಂದು ಬರೆದ. ಕೆಲಸ ಅರ್ಧಕ್ಕೇ ಬಿಟ್ಟು ಬಂದ ಎಂದು ಊರಲ್ಲಿ ಯಾರೂ ಮೂಗು ಮುರಿಯದಿರಲಿ ಎಂಬ ಎಚ್ಚರ ಆ ಸಾಲಿನಲ್ಲಿ ಕಾಣುತ್ತದೆ.

4:6 ಕೆಲಸ ಮಾಡುವ ಬಗೆ

ಯಾವ ಸಂಬಂಧವಾಗಿಯೂ ಚಿಂತೆ ಮಾಡದಿರಿ ಎಂಬಲ್ಲಿಗೆ ಓದು ನಿಲ್ಲಿಸಿದರೆ ಅದು ಬೈಗುಳದಂತೆ ಕೇಳುತ್ತದೆ. ವಾಕ್ಯ ಮುಂದುವರಿಯುತ್ತದೆ, ಅದರಲ್ಲಿ ನಾಲ್ಕು ಬೇರೆ ಬೇರೆ ಪದಗಳಿವೆ: ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತಾಸ್ತುತಿ, ಬಿನ್ನಹಗಳು. ಪ್ರಾರ್ಥನೆ ಎಂದರೆ ದೇವರ ಕಡೆ ತಿರುಗುವುದು. ವಿಜ್ಞಾಪನೆ ಕೊರತೆ ಇದ್ದಾಗ ಬೇಡುವುದು. ಬಿನ್ನಹಗಳು ಎಂಬುದು ಬಹುವಚನ, ಒಂದೊಂದಾಗಿ ಹೆಸರಿಸಿ ಇಡಬಹುದಾದ ಬೇಡಿಕೆಗಳು. ಕೃತಜ್ಞತಾಸ್ತುತಿ ಇವುಗಳ ನಡುವೆ ಇದೆ. ಬೇಡಿಕೆಯನ್ನು ತಳ್ಳಿ ಅದರ ಜಾಗದಲ್ಲಿ ಅದು ಕೂತಿಲ್ಲ, ಬೇಡಿಕೆಯ ಪಕ್ಕದಲ್ಲೇ ನಿಂತಿದೆ. ಕೇಳಬೇಡ, ಬರೀ ವಂದಿಸು ಎಂದು ಹೇಳುವವರಿಗೆ ಈ ವಚನದಲ್ಲಿ ಆಧಾರ ಸಿಗುವುದಿಲ್ಲ.

ಮುಂದಿನ ವಚನದಲ್ಲಿ ದೇವಶಾಂತಿ ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕಾಯುವುದು ಎಂದಿದೆ. ಅಲ್ಲಿನ ಕ್ರಿಯಾಪದ ಸೈನ್ಯದ್ದು, ಕೋಟೆಗೆ ಕಾವಲು ಇಡುವುದು. ಕಾವಲಿನವರ ನಡುವೆ ಕೂತು, ನಿವೃತ್ತ ಸೈನಿಕರ ಊರಿಗೆ ಬರೆದವನು ಆರಿಸಿಕೊಂಡ ಪದ ಇದು. ಕೇಳಿದ್ದು ಸಿಗುವುದು ಎಂಬ ಭರವಸೆ ಈ ವಚನದಲ್ಲಿಲ್ಲ. ಶರೀರದಲ್ಲಿ ನಾಟಿದ ಮುಳ್ಳು ಎಂದು ತಾನೇ ಕರೆದ ಬಾಧೆ ತೊಲಗಲಿ ಎಂದು ಪೌಲನು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ಇಲ್ಲಿರುವ ಭರವಸೆ ಕಾವಲಿನದು.

ಎಲ್ಲಿ ಕೆಡುತ್ತದೆ

ನನ್ನನ್ನು ಬಲಪಡಿಸುವವನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ 4:13ನ್ನು ಪರೀಕ್ಷೆ, ವ್ಯಾಪಾರ, ಪಂದ್ಯ ಗೆಲ್ಲಲು ಬಳಸುವುದು ಮೊದಲನೆಯ ಕೇಡು. ಅದರ ಹಿಂದಿನ ವಚನದಲ್ಲಿ 'ಎಲ್ಲ' ಎಂದರೆ ಏನೆಂದು ಅವನೇ ಹೇಳಿದ್ದಾನೆ: ಹೊಟ್ಟೆ ತುಂಬಿರುವುದು, ಹಸಿದಿರುವುದು, ಸಮೃದ್ಧಿ, ಕೊರತೆ. ಹಸಿವೆಯಲ್ಲೂ ಕೆಡದೆ ಇರುವ ಶಕ್ತಿ ಅದು. ಜೊತೆಗೆ ಕಲಿತುಕೊಂಡಿದ್ದೇನೆ ಎಂಬ ಪದವನ್ನೂ ಗಮನಿಸಬೇಕು. ಸಂತೃಪ್ತಿ ಅವನಿಗೆ ಹುಟ್ಟುಗುಣವಾಗಿ ಬಂದದ್ದಲ್ಲ, ವರವಾಗಿ ಒಂದೇ ದಿನ ಇಳಿದದ್ದೂ ಅಲ್ಲ. ಬದುಕುವ ನಿರೀಕ್ಷೆಯನ್ನೇ ಬಿಟ್ಟೆವು ಎಂದು ಬರೆದ ದಿನವೂ ಅವನ ಹಿಂದೆ ಇದೆ (2 ಕೊರಿಂಥ 1:8). ನಿನ್ನೆ ಕಷ್ಟ ಬಂದವರಿಂದ ಇಂದು ಸಂತೃಪ್ತಿ ಕೇಳುವುದು ಅನ್ಯಾಯ.

ಕಷ್ಟಕ್ಕಾಗಿ ವಂದಿಸು ಎಂದು ಒತ್ತಾಯಿಸುವುದು ಇನ್ನೊಂದು. 1 ಥೆಸಲೊನೀಕ 5:18ರಲ್ಲಿ ಇರುವುದು 'ಎಲ್ಲಾದರಲ್ಲಿಯೂ'. ಎಫೆಸ 5:20ರಲ್ಲಿ 'ಎಲ್ಲಾದಕ್ಕೋಸ್ಕರ' ಎಂದೂ ಇದೆ, ನಿಜ. ಆದರೆ ಅದು ಸಭೆಯಾಗಿ ಕೂಡಿ ಹಾಡುವವರಿಗೆ ಹೇಳಿದ ಮಾತು, ಕೇಡನ್ನು ಒಳ್ಳೆಯದು ಎಂದು ಕರೆಯಲು ಕೊಟ್ಟ ಅಪ್ಪಣೆಯಲ್ಲ. ಫಿಲಿಪ್ಪಿಯವರ ಪತ್ರಿಕೆಯಲ್ಲಂತೂ ಬೇಡಿಗಾಗಿ ಸ್ತೋತ್ರ ಎಂದು ಪೌಲನು ಎಲ್ಲೂ ಬರೆಯಲಿಲ್ಲ. ನನಗೆ ಸಂಭವಿಸಿದ್ದರಿಂದ ಸುವಾರ್ತೆ ಹಿಂದೆ ಬೀಳದೆ ಮುಂದುವರಿಯಿತು ಎಂದ (1:12), ಅಷ್ಟೇ. ಮಗುವನ್ನು ಕಳೆದುಕೊಂಡ ತಾಯಿಯ ಬಾಯಲ್ಲಿ ಆ ಸಾವಿಗಾಗಿ ವಂದನೆ ಹೇಳಿಸುವುದು ಗಾಯಕ್ಕೆ ಉಪ್ಪು ಸವರಿದಂತೆ. ಅಳುವವರ ಸಂಗಡ ಅಳಿರಿ ಎಂಬುದೂ ಇದೇ ಅಪೊಸ್ತಲನ ಮಾತು.

ಕಷ್ಟ ಇನ್ನೂ ನಡೆಯುತ್ತಿರುವಾಗಲೇ ಸಾಕ್ಷಿ ಹೇಳಿಸಲು ವೇದಿಕೆ ಹತ್ತಿಸುವುದೂ ಕೆಡುಕೇ. ಹತ್ತಿದವರು ಸಭೆ ಮೆಚ್ಚುವಂತೆ ಮಾತು ತಿದ್ದಿಕೊಳ್ಳುತ್ತಾರೆ. ಮನೆಗೆ ಹೋದ ಮೇಲೆ ತಾವು ಹೇಳಿದ್ದಕ್ಕೂ ತಮ್ಮ ಸ್ಥಿತಿಗೂ ನಡುವಿನ ಅಂತರ ಅವರನ್ನೇ ಚುಚ್ಚುತ್ತದೆ. ಇನ್ನೂ ಒಂದನ್ನು ನೇರವಾಗಿ ಹೇಳಬೇಕು. ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋದವರಿಗೆ, ಯಾವುದರಲ್ಲೂ ಆಸಕ್ತಿ ಉಳಿಯದವರಿಗೆ, ಬದುಕು ಬೇಡ ಎನ್ನುವವರಿಗೆ ಕೃತಜ್ಞತೆಯ ಪಾಠ ಸಾಲದು. ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಬದುಕು ಬೇಡ ಎನ್ನುವವರನ್ನಂತೂ ಒಬ್ಬರೇ ಇರಲು ಬಿಡಬಾರದು. ಖಿನ್ನತೆ ಒಂದು ಕಾಯಿಲೆ. ಎಪಫ್ರೊದೀತ ಕಾಯಿಲೆ ಬಿದ್ದಾಗ ಪೌಲನು ಅವನ ನಂಬಿಕೆಯನ್ನು ತೂಗಿ ನೋಡಲಿಲ್ಲ.

ಮನೆಯಲ್ಲಿ ಇದನ್ನು ಹಚ್ಚಿಕೊಳ್ಳುವ ವಿಧಾನ

ಒಂದು ಸಾದಾ ನೋಟ್‌ಬುಕ್ ಸಾಕು. ತೆರೆದಾಗ ಎದುರುಬದುರು ಕಾಣುವ ಎರಡು ಪುಟ. ಎಡಕ್ಕೆ ಬಿನ್ನಹ, ಬಲಕ್ಕೆ ಮುಟ್ಟಿದ್ದು. ಎಡಪುಟವನ್ನು ಮೊದಲು ತುಂಬಬೇಕು, ಏಕೆಂದರೆ ಭಯ ಒಳಗೇ ಉಳಿದಿರುವಾಗ ಬಲಪುಟಕ್ಕೆ ಬರುವುದು ಬರೀ ಬಾಯಿಪಾಠ. ಬೇಡಿಕೆಗೆ ಹೆಸರಿರಲಿ. 'ನಮ್ಮನ್ನು ಕಾಪಾಡು' ಎಂದು ಬರೆದರೆ ಉತ್ತರ ಬಂತೋ ಇಲ್ಲವೋ ಎಂದು ನೋಡಲು ಆಗುವುದಿಲ್ಲ. 'ಗುರುವಾರದ ಸ್ಕ್ಯಾನಿನ ಭಯ ತಡೆಯಲಾಗುತ್ತಿಲ್ಲ, ಅಲ್ಲಿಯವರೆಗೆ ರಾತ್ರಿ ನಿದ್ದೆ ಕೊಡು' ಎಂದರೆ ಅದು ಬಿನ್ನಹ.

ಬಲಪುಟಕ್ಕೆ ದಿನಕ್ಕೊಂದು ಸಾಲು, ಹೆಚ್ಚೆಂದರೆ ಮೂರು. ಹತ್ತು ಬರೆಯಲು ಹೊರಟರೆ ಕೆಲವೇ ದಿನಗಳಲ್ಲಿ ಗಾಳಿ, ಬೆಳಕು, ನೀರು ಎಂದು ಅದೇ ಪಟ್ಟಿ ಮರಳಿ ಬರುತ್ತದೆ, ಕೈ ಬರೆಯುತ್ತಿದ್ದರೂ ಮನಸ್ಸು ಜೊತೆಗಿರುವುದಿಲ್ಲ. 4:18ರ ರಸೀದಿಯಲ್ಲಿದ್ದಂತೆ ಯಾರಿಂದ, ಏನು, ಯಾವಾಗ ಎಂಬುದು ಇರಲೇಬೇಕು. 'ದೇವರು ಒಳ್ಳೆಯವನು' ಎಂಬುದು ಸತ್ಯ, ಆದರೆ ಅದು ರಸೀದಿಯಲ್ಲ. 'ಮಂಗಳವಾರ ರಾತ್ರಿ ಎರಡರಿಂದ ಆರರವರೆಗೆ ಅಕ್ಕನ ಮಗ ಅಪ್ಪನ ಮಂಚದ ಪಕ್ಕ ಕೂತಿದ್ದ. ನಾಲ್ಕು ಗಂಟೆ ಮಲಗಿದೆ.' ಇದು ರಸೀದಿ. ಇಂಥ ಸಾಲು ಒಂದು ವರ್ಷ ಬಿಟ್ಟು ಓದಿದರೂ ಕಣ್ಣು ತುಂಬುತ್ತದೆ.

ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದು ಬೇಡ. ಹೊತ್ತು ಯಾವುದಾದರೂ ಸರಿ, ಆದರೆ ನೋವು ಅತಿಯಾಗಿರುವ ಗಳಿಗೆ ಬೇಡ. ವಾರಕ್ಕೊಮ್ಮೆ ಬಲಪುಟದ ಒಂದು ಸಾಲನ್ನು ಆರಿಸಿ, ಆ ವ್ಯಕ್ತಿಗೇ ಎರಡು ಮಾತು ಬರೆದು ಕಳುಹಿಸಬೇಕು. ದೇವರಿಗೆ ಹೇಳಿದ್ದೇನೆ, ಅಷ್ಟು ಸಾಕು ಎಂದು ಪೌಲನು ಸುಮ್ಮನಾಗಿದ್ದರೆ ಈ ಪತ್ರಿಕೆಯೇ ಇರುತ್ತಿರಲಿಲ್ಲ.

ಏನೂ ಬರೆಯಲಾಗದ ದಿನಗಳು ಬಂದೇ ಬರುತ್ತವೆ. ಆ ದಿನ ತಾರೀಖು ಬರೆದು ಜಾಗ ಖಾಲಿ ಬಿಡಬೇಕು. ಮಾರನೆಯ ದಿನ ಅದನ್ನು ತುಂಬಲು ಹೋಗಬಾರದು. ಅಂದು ಓದಲು ಕೀರ್ತನೆ 13 ಇದೆ, ಆರೇ ವಚನ. ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳಿ ಐದನೆಯ ವಚನದಲ್ಲಿ ತಿರುಗುತ್ತದೆ. ಅಷ್ಟೂ ತಿರುಗಲಾರದ ದಿನಕ್ಕೆ ಕೀರ್ತನೆ 88 ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗೆ ಮುಗಿದ ಪ್ರಾರ್ಥನೆಯೂ ಸತ್ಯವೇದದೊಳಗೆ ಇದೆ ಎಂಬುದು ಆ ದಿನದ ಮಟ್ಟಿಗೆ ಸಾಕಷ್ಟು ದೊಡ್ಡ ಆಸರೆ.

ನೋಡಲು ಹೋಗುವವರಿಗೆ ಎಪಫ್ರೊದೀತನೇ ಮಾದರಿ. ಅವನು ಫಿಲಿಪ್ಪಿಯಿಂದ ವಸ್ತುಗಳನ್ನು ಹೊತ್ತು ಬಂದ. 'ಏನಾದರೂ ಬೇಕಿದ್ದರೆ ಹೇಳಿ' ಎಂದರೆ ಬಳಲಿದವರು ಏನೂ ಹೇಳುವುದಿಲ್ಲ. 'ಬುಧವಾರ ಮಕ್ಕಳನ್ನು ಶಾಲೆಯಿಂದ ನಾನು ಕರೆತರುತ್ತೇನೆ' ಎಂದರೆ ಬೇಡ ಎನ್ನುವವರು ಕಡಿಮೆ. ಮೊದಲ ವಾರದ ನೂಕುನುಗ್ಗಲು ಇಳಿದ ಮೇಲೆ ಎರಡನೆಯ, ಮೂರನೆಯ ತಿಂಗಳಲ್ಲಿ ಮನೆ ಬರಿದಾಗುತ್ತದೆ. ಹೆಸರು ಬರೆದುಕೊಂಡು ಸರದಿ ಹಾಕಬೇಕಾದದ್ದು ಆ ತಿಂಗಳುಗಳಿಗೆ. ನಡುವೆ ಬಿಟ್ಟುಹೋಗಿದ್ದರೆ ನಾಚಿಕೆಯಿಂದ ದೂರ ಉಳಿಯದೆ ಮತ್ತೆ ಹೋಗಬಹುದು. ಫಿಲಿಪ್ಪಿಯವರೂ ತಡವಾಗಿಯೇ ಕಳುಹಿಸಿದರು, ಪೌಲನು ಅದನ್ನು ಚಿಗುರು ಎಂದು ಕರೆದ.

ಪ್ರಕರಣದ ಫಲಿತಾಂಶ

ಪತ್ರಿಕೆಯೊಳಗೆ ಅದು ಇಲ್ಲ. ಎರಡನೆಯ ಅಧ್ಯಾಯದಲ್ಲಿ ಪೌಲನು ಇಬ್ಬರ ಪ್ರಯಾಣದ ಮಾತು ಎತ್ತುತ್ತಾನೆ. ತನ್ನ ಜೊತೆ ಕೆಲಸಗಾರ ತಿಮೊಥೆಯನನ್ನು ಕಳುಹಿಸುವುದು ತನ್ನ ಸಂಗತಿ ಏನಾಗುವುದೋ ತಿಳಿದ ಮೇಲೆ, ಅಂದರೆ ತೀರ್ಪಿನ ಸುದ್ದಿ ಹೊತ್ತುಕೊಂಡು (2:23). ಎಪಫ್ರೊದೀತನನ್ನು ಮಾತ್ರ ಅಲ್ಲಿಯವರೆಗೆ ನಿಲ್ಲಿಸಿಕೊಳ್ಳದೆ ಮುಂಚಿತವಾಗಿಯೇ ಕಳುಹಿಸಿಕೊಟ್ಟ. ಮುಟ್ಟಿತು ಎಂಬ ರಸೀದಿ ಊರಿಗೆ ಹೋದದ್ದು ಮೊದಲು ಹೊರಟ ಈ ಎಪಫ್ರೊದೀತನೊಂದಿಗೆ.